ಚೌಕಟ್ಟಿನೊಳಗೆ ಹೊಕ್ಕ ಗೇರುಪೆಟ್ಟಿಗೆ

ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ಹೋದ ವರ್ಷ ಮಳೆಗಾಲದ ಒಂದು ಸಂಜೆ ಮನೆಗೆ ಬಂದವಳು, ಕೊಡೆ ಮಡಿಸಿಡುವ ಮೊದಲೇ ಚೀಲದಿಂದ ಎರಡು ಗೇರುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಒಂದು ಚಿಕ್ಕದು, ಇನ್ನೊಂದು ದೊಡ್ಡದು. "ಹಲ್ಲು ಮುರದಿಲ್ಲ ನೋಡ್ರಿ ಮಾಮಾ. ಮೋಟಾರೂ ಛಲೋ ಅದ. ಆದ್ರೂ ಜೋರು ಬಿದ್ದಾಗ ಗೇರು ಜಾರತಾವ. ಯಾಕ?" ಎಂದು ಕೇಳಿದಳು.

ಸಂಗತಿ ಹೀಗಿತ್ತು. ಅವಳ ಕಾಲೇಜಿನ ಹುಡುಗ ಹುಡುಗಿಯರು ಕೂಡಿ ರೋಬೋಟುಗಳ ಸ್ಪರ್ಧೆಗೆಂದು ಒಂದು ಯಂತ್ರವನ್ನು ಕಟ್ಟಿದ್ದರು. ಅಧ್ಯಾಪಕರ ಮುಂದೆ ನಡೆದ ಪರೀಕ್ಷೆಯ ಓಟದಲ್ಲಿ ಅದು ಬಯಲಿನಲ್ಲಿ ಚೆನ್ನಾಗಿಯೇ ಓಡಿತು. ಭಾರದ ಪೆಟ್ಟಿಗೆಯೊಂದನ್ನು ದೂಡಬೇಕಾದಾಗ ಮಾತ್ರ ಕಟಕಟನೆ ಸದ್ದು ಮಾಡಿ ನಿಂತಲ್ಲೇ ನಿಂತಿತು. ಮೂರು ತಿಂಗಳ ರಾತ್ರಿಗಳು ಎಲ್ಲರೆದುರು ಹಾಗೆ ವ್ಯರ್ಥವಾದವು. ಅಂದಿನಿಂದ ತಂಡದಲ್ಲಿ ಎರಡು ಪಕ್ಷ. ಅಂಗಡಿಯಿಂದ ಸಿದ್ಧ ಗೇರುಪೆಟ್ಟಿಗೆಯನ್ನು ಕೊಂಡು ಬೋಲ್ಟು ಹಾಕಿ ಕೂರಿಸೋಣ ಎಂದು ಒಂದು ಪಕ್ಷ. ಪೆಟ್ಟಿಗೆಯೇ ಬೇಡ, ಗೇರುಗಳನ್ನು ಚೌಕಟ್ಟಿನೊಳಗೇ ಕಟ್ಟೋಣ ಎಂದು ಇನ್ನೊಂದು. ಮಾತು ಬೆಳೆದು, ಒಬ್ಬರ ಮುಖ ಒಬ್ಬರು ನೋಡದ ಹಂತಕ್ಕೆ ಬಂದಿತ್ತು.

ಮೂವತ್ತು ವರ್ಷ ಲೇತು, ಮಿಲ್ಲಿಂಗ್ ಯಂತ್ರಗಳ ಮುಂದೆ ನಿಂತು ಬಂದ ನನಗೆ ಅವರ ಯಂತ್ರದ ಚಿತ್ರ ನೋಡಿದ ಕೂಡಲೇ ರೋಗ ತಿಳಿಯಿತು. ಮೋಟಾರು ಕೂತಿದ್ದು ಒಂದು ಅಲ್ಯುಮಿನಿಯಂ ಪಟ್ಟಿಯ ಮೇಲೆ, ಗಾಲಿಯ ಅಚ್ಚು ಕೂತಿದ್ದು ಬೇರೊಂದರ ಮೇಲೆ. ಭಾರ ಬಿದ್ದಾಗ ಪಟ್ಟಿಗಳು ಬಾಗಿ ದೂರ ಸರಿದಿದ್ದವು. ಗೇರುಗಳದು ತಪ್ಪಿರಲಿಲ್ಲ, ಅವುಗಳ ನಡುವಿನ ಅಂತರವನ್ನು ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. ಆದರೆ ಎರಡು ಪಕ್ಷಗಳಲ್ಲಿ ಯಾವುದು ಸರಿ ಎಂದು ಥಟ್ಟನೆ ಹೇಳುವುದು ಸುಲಭವಲ್ಲ. ಈ ಜಗಳ ಆ ಮಕ್ಕಳು ಹುಟ್ಟುವುದಕ್ಕಿಂತ ಬಹಳ ಹಿಂದಿನದು. ಅಂದು ಅವಳಿಗೆ ಹೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಅಂತರದ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕ. ಅಮೆರಿಕದ ಇಂಚಿನ ಪದ್ಧತಿಯಲ್ಲಿ, ಒಂದು ಇಂಚು ವ್ಯಾಸಕ್ಕೆ 20 ಹಲ್ಲು ಬರುವಂಥ ಗೇರುಗಳನ್ನು ತೆಗೆದುಕೊಳ್ಳಿ. 20 ಹಲ್ಲಿನ ಗೇರಿನ ವ್ಯಾಸ 1 ಇಂಚು, 60 ಹಲ್ಲಿನದು 3 ಇಂಚು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 2 ಇಂಚು. ಈ ಎರಡು ಗೇರುಗಳ ಅಚ್ಚುಗಳು ಒಂದರಿಂದೊಂದು ಇರಬೇಕಾದ ದೂರ ಅಷ್ಟೇ. ಅದಕ್ಕಿಂತ ಹತ್ತಿರವಾದರೆ ಹಲ್ಲುಗಳು ಒತ್ತಿಕೊಂಡು ಬಿಸಿಯಾಗುತ್ತವೆ, ದೂರವಾದರೆ ಸಡಿಲಾಗಿ ಬಡಿದುಕೊಳ್ಳುತ್ತವೆ. ಉಸಿರಾಡಲು ಇರಲಿ ಎಂದು ಇಂಚಿನ ಸಾವಿರದಲ್ಲಿ ಮೂರು ಭಾಗದಷ್ಟು ಅಂತರವನ್ನು ಹೆಚ್ಚಿಗೆ ಬಿಡುವ ರೂಢಿ ಸ್ಪರ್ಧೆಯ ರೋಬೋಟು ಕಟ್ಟುವವರಲ್ಲಿ ಇದೆ. ಅದು ಸುಮಾರು ಒಂದು ತಲೆಗೂದಲಿನ ದಪ್ಪ.

ಇಂಥ ಗೇರುಗಳ ಹಲ್ಲು ಒಂದರೊಳಗೊಂದು ಹೊಕ್ಕಿರುವ ಆಳ ಸುಮಾರು ಎರಡೂವರೆ ಮಿಲಿಮೀಟರು ಮಾತ್ರ. ಚೌಕಟ್ಟು ಒಂದೇ ಒಂದು ಮಿಲಿಮೀಟರು ಬಾಗಿದರೂ ಹಿಡಿತದಲ್ಲಿ ಐದರಲ್ಲಿ ಎರಡು ಪಾಲು ಹೋದಂತೆ. ಬಾಗಿಸುವವರು ಯಾರು ಎಂದರೆ ಗೇರುಗಳೇ! ಹಲ್ಲಿನ ಮೈ ಓರೆಯಾಗಿರುವುದರಿಂದ ಒಂದು ಗೇರು ಇನ್ನೊಂದನ್ನು ತಿರುಗಿಸುವಾಗ ಅದನ್ನು ಪಕ್ಕಕ್ಕೂ ತಳ್ಳುತ್ತದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ 20 ಡಿಗ್ರಿ ಓರೆಯ ಹಲ್ಲುಗಳಲ್ಲಿ, 100 ಕಿಲೋ ಬಲದಿಂದ ತಿರುಗಿಸಿದರೆ 36 ಕಿಲೋ ಬಲ ಎರಡು ಅಚ್ಚುಗಳನ್ನು ದೂರ ನೂಕುತ್ತಿರುತ್ತದೆ. ಕೆಲಸ ಹೆಚ್ಚಿದಷ್ಟೂ ಈ ನೂಕಾಟ ಹೆಚ್ಚು. ಆದ್ದರಿಂದಲೇ ನನ್ನ ಸೊಸೆಯ ಯಂತ್ರ ಬರಿಗೈಯಲ್ಲಿ ಓಡಿತು, ಭಾರ ಬಿದ್ದಾಗ ನಿಂತಿತು.

ಹಾಗಾದರೆ ಈ ನೂಕಾಟವನ್ನು ತಡೆದು ಅಂತರವನ್ನು ಕಾಯುವ ಹೊಣೆ ಯಾರದು? ಗೇರುಗಳಿಗೆಂದೇ ಕಟ್ಟಿದ ಪೆಟ್ಟಿಗೆಯದೋ, ಇಡೀ ಯಂತ್ರವನ್ನು ಹೊತ್ತ ಚೌಕಟ್ಟಿನದೋ? ಗೇರುಗಳ ಇತಿಹಾಸದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ, ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಪಡೆದಿದೆ.

ಮರದ ಕಂಬ, ಕಬ್ಬಿಣದ ಪಂಜರ

ಹಳೆಯ ಕಾಲದಲ್ಲಿ ಪೆಟ್ಟಿಗೆಯ ಮಾತೇ ಇರಲಿಲ್ಲ. ನಮ್ಮ ದೇಶದಲ್ಲಿ ಹತ್ತಿಯಿಂದ ಬೀಜ ಬಿಡಿಸಲು ನೂರಾರು ವರ್ಷ ಬಳಕೆಯಲ್ಲಿದ್ದ ಮರದ ಯಂತ್ರವನ್ನು ನೋಡಿದರೆ ಇದು ತಿಳಿಯುತ್ತದೆ. ಎರಡು ಕಂಬಗಳ ನಡುವೆ ಎರಡು ಉರುಳೆ. ಉರುಳೆಗಳ ತುದಿಯಲ್ಲಿ ತಿರುಪಿನಂತೆ ಸುತ್ತು ಕೊರೆದಿರುತ್ತಾರೆ. ಒಂದನ್ನು ತಿರುಗಿಸಿದರೆ ಅದರ ತಿರುಪು ಇನ್ನೊಂದರ ತಿರುಪನ್ನು ಹಿಡಿದು ಎದುರು ದಿಕ್ಕಿಗೆ ತಿರುಗಿಸುತ್ತದೆ. ಹತ್ತಿ ಆಚೆ ಹೋಗುತ್ತದೆ, ಬೀಜ ಈಚೆ ಉದುರುತ್ತದೆ. ಇಲ್ಲಿ ಗೇರಿಗೂ ಚೌಕಟ್ಟಿಗೂ ಭೇದವಿಲ್ಲ. ಕಂಬದಲ್ಲಿ ಕೊರೆದ ತೂತೇ ಬೇರಿಂಗು, ಕಂಬವೇ ಅಂತರ ಕಾಯುವವನು. ಉರುಳೆ ಸವೆದು ಸಡಿಲವಾದರೆ ಬಡಗಿಯನ್ನೂ ಕಾಯಬೇಕಿಲ್ಲ, ಕಂಬದ ಸಂದಿನಲ್ಲಿ ಬೆಣೆ ಬಡಿದರೆ ಸಾಕು.

ಊರ ಕಡೆಯ ಆಲೆಮನೆಯನ್ನು ಕಂಡವರಿಗೆ ಕಬ್ಬಿನ ಗಾಣ ನೆನಪಿರಬಹುದು. ಎತ್ತು ಸುತ್ತುವ ಗಾಣದಲ್ಲಿ ನಿಂತ ಉರುಳೆಗಳ ತಲೆಯ ಮೇಲೇ ಹಲ್ಲುಚಕ್ರಗಳು ಒಂದನ್ನೊಂದು ಹಿಡಿದಿರುತ್ತವೆ. ಕಬ್ಬು ಉರುಳೆಗಳನ್ನು ದೂರ ತಳ್ಳುತ್ತದೆ, ಗಾಣದ ಮೈ ಅವನ್ನು ಬಿಡದೆ ಹಿಡಿಯುತ್ತದೆ. ಅಲ್ಲಿಯೂ ಅಂತರ ಕಾಯುವುದು ಯಂತ್ರದ ಮೈಯೇ.

ಯೂರೋಪಿನ ದೊಡ್ಡ ಗಡಿಯಾರಗಳ ಕತೆಯೂ ಅಷ್ಟೆ. ಇಂಗ್ಲೆಂಡಿನ ಸಾಲ್ಸ್‌ಬರಿ ಚರ್ಚಿನಲ್ಲಿ ಸುಮಾರು 1386ರದೆಂದು ಹೇಳಲಾಗುವ ಗಡಿಯಾರವೊಂದಿದೆ. ಕಮ್ಮಾರ ಬಡಿದ ಕಬ್ಬಿಣದ ಪಟ್ಟಿಗಳಿಂದ ಕಟ್ಟಿದ ಪಂಜರವೇ ಅದರ ಮೈ. ಗೇರುಗಳ ಅಚ್ಚುಗಳು ಆ ಪಂಜರದ ನಿಲುವು ಪಟ್ಟಿಗಳಲ್ಲೇ ಕೂತಿವೆ. ಮುಂದೆ ಗಡಿಯಾರಗಳು ಚಿಕ್ಕದಾದಾಗ ಪಂಜರದ ಬದಲು ಎರಡು ಹಿತ್ತಾಳೆಯ ಹಲಗೆಗಳು ಬಂದವು. ಹಲಗೆಗಳ ನಡುವೆ ನಾಲ್ಕು ಗಿಡ್ಡ ಕಂಬ. ಎರಡರಲ್ಲೂ ಎದುರುಬದುರು ತೂತು. ತೂತುಗಳ ನಡುವೆ ಗೇರು. ಈ "ಎರಡು ಹಲಗೆ, ನಡುವೆ ಕಂಬ" ಎಂಬ ಉಪಾಯವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅಮೆರಿಕದ ಶಾಲಾ ಮಕ್ಕಳು ಗೇರು ಜೋಡಿಸಲು ಹಿಡಿದ ದಾರಿಯೂ ಇದೇ.

ಬೆನ್ನೆಲುಬಾದ ಪೆಟ್ಟಿಗೆ

ಗೇರು ತನ್ನದೇ ಪೆಟ್ಟಿಗೆಯನ್ನು ಕೇಳಿದ್ದು ಮೋಟಾರುಗಾಡಿಗಳ ಕಾಲದಲ್ಲಿ. ಗಡಿಯಾರ ಗೋಪುರದಲ್ಲಿ ಅಲುಗದೆ ಕೂತಿರುತ್ತದೆ, ಗಾಡಿ ಕಲ್ಲು ಗುಂಡಿಗಳ ಮೇಲೆ ಓಡಬೇಕು. ಪ್ಯಾರಿಸಿನ ಪನಾರ್ ಮತ್ತು ಲೆವಾಸೋರ್ ಕಂಪನಿ 1891ರಲ್ಲಿ ಎಂಜಿನನ್ನು ಮುಂದೆ, ಗೇರುಗಳನ್ನು ಅದರ ಹಿಂದೆ ಇರಿಸಿ ಗಾಡಿ ಕಟ್ಟಿದಾಗ ಗೇರುಗಳು ಬಯಲಲ್ಲೇ ಧೂಳು ತಿನ್ನುತ್ತ ತಿರುಗುತ್ತಿದ್ದವು. ಕೆಲವೇ ವರ್ಷಗಳಲ್ಲಿ ಅವಕ್ಕೆ ಮುಚ್ಚಿದ ಪೆಟ್ಟಿಗೆ ಬಂತು. ಗಾಡಿಯ ಚೌಕಟ್ಟು ರಸ್ತೆಗೆ ತಕ್ಕಂತೆ ಎಷ್ಟಾದರೂ ತಿರುಚಿಕೊಳ್ಳಲಿ, ಪೆಟ್ಟಿಗೆಯೊಳಗಿನ ಅಂತರ ಕೆಡಬಾರದು ಎಂಬುದು ಪೆಟ್ಟಿಗೆ ಕೊಟ್ಟ ದೊಡ್ಡ ನೆಮ್ಮದಿ. ಅದಕ್ಕೆ ತೆತ್ತ ಬೆಲೆ ತೂಕ. ಒಂದು ಗಟ್ಟಿ ಚೌಕಟ್ಟು, ಅದರ ಮೇಲೆ ಇನ್ನೊಂದು ಗಟ್ಟಿ ಪೆಟ್ಟಿಗೆ. ಒಂದೇ ಕೆಲಸಕ್ಕೆ ಎರಡು ಸಲ ಕಬ್ಬಿಣ.

ಈ ಎರಡು ಖರ್ಚನ್ನು ಒಂದಾಗಿಸಿದ್ದು ರೇಸಿನ ಕಾರಲ್ಲ, ಹೊಲ ಉಳುವ ಟ್ರ್ಯಾಕ್ಟರು! ಅಮೆರಿಕದಲ್ಲಿ 1913ರ ವಾಲಿಸ್ ಕಬ್ ಎಂಬ ಟ್ರ್ಯಾಕ್ಟರು ಬಾಗಿಸಿದ ಉಕ್ಕಿನ ತಗಡನ್ನೇ ಎಂಜಿನ್ನು ಗೇರುಗಳ ಹೊದಿಕೆಯಾಗಿಯೂ ಚೌಕಟ್ಟಾಗಿಯೂ ಬಳಸಿತು. 1917ರ ಅಕ್ಟೋಬರಿನಲ್ಲಿ ಹೆನ್ರಿ ಫೋರ್ಡರ ಕಾರ್ಖಾನೆಯಿಂದ ಹೊರಬಿದ್ದ ಫೋರ್ಡ್‌ಸನ್ ಇನ್ನೂ ಮುಂದೆ ಹೋಯಿತು. ಹಂಗೇರಿಯಿಂದ ಬಂದು ನೆಲೆಸಿದ್ದ ಯೂಜೀನ್ ಫಾರ್ಕಸ್ ಅದನ್ನು ರೂಪಿಸಿದವರಲ್ಲಿ ಮುಖ್ಯರು. ಅದಕ್ಕೆ ಚೌಕಟ್ಟೇ ಇಲ್ಲ. ಎಂಜಿನ್ನಿನ ಎರಕ, ಅದರ ಹಿಂದೆ ಗೇರಿನ ಎರಕ, ಅದರ ಹಿಂದೆ ಹಿಂಗಾಲಿಯ ಅಚ್ಚಿನ ಎರಕ. ಇವನ್ನು ಬೋಲ್ಟು ಹಾಕಿ ಜೋಡಿಸಿದರೆ ಅದೇ ಟ್ರ್ಯಾಕ್ಟರಿನ ಬೆನ್ನೆಲುಬು. ಉಕ್ಕು ಉಳಿಯಿತು, ಕೆಲಸ ಉಳಿಯಿತು. ಬೆಲೆ 1922ರಲ್ಲಿ 395 ಡಾಲರಿಗೆ ಇಳಿಯಿತು. 1928ರವರೆಗೆ ಅಮೆರಿಕದಲ್ಲೇ ಏಳು ಲಕ್ಷಕ್ಕೂ ಹೆಚ್ಚು ಫೋರ್ಡ್‌ಸನ್ನುಗಳು ತಯಾರಾದವು.

ಆದರೆ ಕೂಡಿಸಿ ಕಟ್ಟಿದ್ದರ ಕಷ್ಟಗಳೂ ಜೊತೆಗೇ ಬಂದವು. ಹಿಂದಿನ ಗೇರುಗಳ ಬಿಸಿ ನೇರ ಚಾಲಕನ ಆಸನಕ್ಕೆ ಏರುತ್ತಿತ್ತು. ಚೌಕಟ್ಟಿಲ್ಲದ ಟ್ರ್ಯಾಕ್ಟರಿನಲ್ಲಿ ಕ್ಲಚ್ಚು ಸವೆದರೆ ಟ್ರ್ಯಾಕ್ಟರನ್ನೇ ನಡುವೆ ಎರಡಾಗಿ ಬಿಚ್ಚಬೇಕು. ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು ದಿಮ್ಮಿ ಕೊಟ್ಟು, ಎರಡು ಹೋಳು ಮಾಡಿ ನಿಲ್ಲಿಸಿದ ಟ್ರ್ಯಾಕ್ಟರನ್ನು ನಮ್ಮ ಹಳ್ಳಿಗಳ ಗ್ಯಾರೇಜುಗಳಲ್ಲಿ ಇಂದಿಗೂ ಕಾಣಬಹುದು.

ಐವತ್ತು ವರ್ಷದ ನಂತರ ಇದೇ ವಿಚಾರ ರೇಸಿನ ಕಣಕ್ಕೆ ಬಂತು. 1967ರ ಜೂನ್ 4ರಂದು ಹಾಲೆಂಡಿನ ಝಾಂಡ್‌ವೋರ್ಟಿನಲ್ಲಿ ಜಿಮ್ ಕ್ಲಾರ್ಕ್ ಹೊಸ ಲೋಟಸ್ 49 ಕಾರನ್ನು ಓಡಿಸಿ, ಅದರ ಮೊದಲ ಪಂದ್ಯದಲ್ಲೇ ಗೆದ್ದರು. ಕಾರು ಕಾಲಿನ್ ಚಾಪ್‌ಮನ್ನರ ಕಲ್ಪನೆ, ಎಂಜಿನ್ನು ಕೀತ್ ಡಕ್‌ವರ್ತರದು. ಚಾಲಕನ ಬೆನ್ನ ಹಿಂದೆ ಚೌಕಟ್ಟು ಮುಗಿದೇ ಹೋಗುತ್ತಿತ್ತು. ಅಲ್ಲಿಗೆ ಎಂಜಿನ್ನು, ಎಂಜಿನ್ನಿಗೆ ಗೇರುಪೆಟ್ಟಿಗೆ ಬೋಲ್ಟಾಗಿ, ಹಿಂಗಾಲಿಗಳ ಭಾರವನ್ನು ಅವೇ ಹೊರುತ್ತಿದ್ದವು. ಇಂಥ ಪ್ರಯತ್ನ ಅದಕ್ಕೆ ಮುಂಚೆಯೂ ನಡೆದಿತ್ತಾದರೂ ಎಲ್ಲರೂ ಅನುಸರಿಸುವಂತೆ ಮಾಡಿದ್ದು ಈ ಕಾರು. ಆ ಎಂಜಿನ್ನು 1983ರವರೆಗೆ 155 ಫಾರ್ಮುಲಾ ಒನ್ ಪಂದ್ಯಗಳನ್ನು ಗೆದ್ದುಕೊಟ್ಟಿತು.

ಕಾರ್ಖಾನೆಯ ಯಂತ್ರಗಳಲ್ಲಿ ಇದು ಹಳೆಯ ಮಾತು. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಮೊದಲು ತಯಾರಿಸಿದ್ದು ಲೇತನ್ನೇ. ಲೇತಿನ ಎಡತುದಿಯ ಹೆಡ್‌ಸ್ಟಾಕಿನೊಳಗೆ ಇಣುಕಿದರೆ ಗೇರುಗಳಿಗೆ ಬೇರೆ ಪೆಟ್ಟಿಗೆ ಕಾಣುವುದಿಲ್ಲ. ಯಂತ್ರದ ಎರಕದ ಮೈಯಲ್ಲೇ ತೂತು ಕೊರೆದು ಅಚ್ಚುಗಳನ್ನು ಕೂರಿಸಿರುತ್ತಾರೆ. ಎದುರುಬದುರಿನ ತೂತುಗಳನ್ನು ಕೆಲಸದ ತುಂಡು ಕದಲದಂತೆ ಒಂದೇ ಹಿಡಿತದಲ್ಲಿ ಕೊರೆಯಬೇಕು ಎಂಬ ಪಾಠ ನನ್ನ ಪೀಳಿಗೆಯ ಯಂತ್ರಗಾರರಿಗೆ ಇಂಥ ಕೆಲಸದಿಂದಲೇ ಬಂದದ್ದು.

ಮಕ್ಕಳ ಕಣದಲ್ಲಿ

ಈಗ ರೋಬೋಟಿಗೆ ಬರೋಣ. ಅಮೆರಿಕದ ಎಂ.ಐ.ಟಿ.ಯಲ್ಲಿ ವುಡಿ ಫ್ಲವರ್ಸ್ ಎಂಬ ಪ್ರಾಧ್ಯಾಪಕರು 1970ರ ದಶಕದಲ್ಲಿ ಒಂದು ಹೊಸ ಬಗೆಯ ಪಾಠವನ್ನು ಬೆಳೆಸಿದರು. ವಿದ್ಯಾರ್ಥಿಗಳಿಗೆ ಚಿಲ್ಲರೆ ಸಾಮಾನಿನ ಒಂದು ಗಂಟು ಕೊಟ್ಟು, ಇದರಿಂದ ಯಂತ್ರ ಕಟ್ಟಿ, ಎದುರಾಳಿಯ ಯಂತ್ರದೊಡನೆ ಸೆಣಸಿರಿ ಎಂದು ಬಿಡುತ್ತಿದ್ದರು. ಡೀನ್ ಕೇಮನ್ ಎಂಬ ಸಂಶೋಧಕರು 1989ರಲ್ಲಿ ಫಸ್ಟ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿ, ಫ್ಲವರ್ಸರ ನೆರವಿನಿಂದ ಅದೇ ಆಟವನ್ನು ಹೈಸ್ಕೂಲು ಮಕ್ಕಳಿಗೆ ತಂದರು. ಮೊದಲ ಸ್ಪರ್ಧೆ 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ಊರಿನ ಶಾಲೆಯೊಂದರ ವ್ಯಾಯಾಮಶಾಲೆಯಲ್ಲಿ ನಡೆಯಿತು. ಬಂದ ತಂಡಗಳು 28.

ಕಾರ್ಖಾನೆಗಳ ಎಂಜಿನಿಯರರು ಮಕ್ಕಳ ಜೊತೆ ಕೂತು ಯಂತ್ರ ಕಟ್ಟಬೇಕೆಂಬುದು ಈ ಸ್ಪರ್ಧೆಯ ಜೀವಾಳ. ಆಟದ ನಿಯಮ ತಿಳಿಸಿದ ದಿನದಿಂದ ಬಹಳ ವರ್ಷಗಳ ಕಾಲ ಆರೇ ವಾರದ ಅವಧಿ. ಯಂತ್ರದ ತೂಕಕ್ಕೂ ಕಟ್ಟುಪಾಡು. ಬಹಳ ವರ್ಷ ಅದು ಬ್ಯಾಟರಿ ಬಿಟ್ಟು 120 ಪೌಂಡು, ಎಂದರೆ ಸುಮಾರು 54 ಕಿಲೋ ಇತ್ತು. ಪಂದ್ಯ ನಡೆಯುವುದು ಸುಮಾರು ಎರಡೂವರೆ ನಿಮಿಷ.

ಮೊದಮೊದಲು ಮಕ್ಕಳಿಗೆ ಸಿಗುತ್ತಿದ್ದ ಮೋಟಾರುಗಳು ಒಂದೊಂದು ಮನೆಯಿಂದ ಬಂದ ಸೊಸೆಯರಂತೆ. ಬ್ಯಾಟರಿ ಡ್ರಿಲ್ಲಿನದೊಂದು, ಕಾರಿನ ಆಸನ ಸರಿಸುವುದೊಂದು, ಕಿಟಕಿಯ ಗಾಜು ಏರಿಸುವುದೊಂದು. ಒಂದರ ತುದಿ ಇನ್ನೊಂದರಂತಿಲ್ಲ. ಡ್ರಿಲ್ಲಿನ ಮೋಟಾರಿಗೆ ತನ್ನದೇ ಪುಟ್ಟ ಗೇರುಪೆಟ್ಟಿಗೆ ಇರುತ್ತಿತ್ತು. ಗೋಡೆಗೆ ತೂತು ಕೊರೆಯಲೆಂದು ಮಾಡಿದ ಆ ಪೆಟ್ಟಿಗೆ 54 ಕಿಲೋ ಯಂತ್ರವನ್ನು ಎಳೆಯಬೇಕು. ಅದನ್ನು ಚೌಕಟ್ಟಿಗೆ ಅಲುಗದಂತೆ ಕಟ್ಟುವುದೇ ದೊಡ್ಡ ಸಾಹಸ. ದೊಡ್ಡ ಕಾರ್ಖಾನೆಯ ಆಸರೆಯಿದ್ದ ತಂಡ ಒಳ್ಳೆಯ ಗೇರುಪೆಟ್ಟಿಗೆ ಕೊರೆಯಿಸಿಕೊಂಡು ಬರುತ್ತಿತ್ತು, ಆಸರೆಯಿಲ್ಲದ ಶಾಲೆಯ ಯಂತ್ರ ಕಣದ ನಡುವೆ ನಿಂತುಬಿಡುತ್ತಿತ್ತು. ಎರಡೂವರೆ ನಿಮಿಷ ಸುಮ್ಮನೆ ನಿಂತ ಯಂತ್ರವನ್ನು ನೋಡುತ್ತ ನಿಲ್ಲುವ ಮಕ್ಕಳ ಮುಖ ಹೇಗಿರಬಹುದೆಂದು ನನ್ನ ಸೊಸೆಯನ್ನು ಕಂಡ ನಾನು ಬಲ್ಲೆ.

ಈ ಅಂತರ ತಗ್ಗಿದ್ದು 2000ರ ದಶಕದಲ್ಲಿ. ಸಿ.ಐ.ಎಂ. ಎಂದು ಕರೆಯುವ, ಎರಡೂವರೆ ಇಂಚು ವ್ಯಾಸದ ಗಟ್ಟಿ ಮೋಟಾರು ಎಲ್ಲ ತಂಡಗಳಿಗೂ ದೊರೆಯಿತು. ಇಂಡಿಯಾನಾ ರಾಜ್ಯದ ಕೊಕೊಮೊ ಊರಿನ ಆಂಡಿ ಬೇಕರ್, ಮಾರ್ಕ್ ಕೂರ್ಸ್ ಎಂಬ ಇಬ್ಬರು ಎಂಜಿನಿಯರರು, ಮಕ್ಕಳ ತಂಡಕ್ಕೆ ದಾರಿ ತೋರಿಸುತ್ತಿದ್ದವರು, 2004ರಲ್ಲಿ ಆಂಡಿಮಾರ್ಕ್ ಎಂಬ ಕಂಪನಿ ತೆರೆದು ಸ್ಪರ್ಧೆಗೆಂದೇ ಗೇರುಪೆಟ್ಟಿಗೆ ಮಾಡಿ ಮಾರಿದರು. 2005ರಿಂದ ತಂಡಗಳಿಗೆ ಹಂಚುವ ಸಾಮಾನಿನಲ್ಲಿಯೇ ಸಿದ್ಧ ಚೌಕಟ್ಟು, ಸಿದ್ಧ ಗೇರುಪೆಟ್ಟಿಗೆ ಬರತೊಡಗಿತು. ಮುಂದೆ ಹೀಗೆ ಬಂದ ಪೆಟ್ಟಿಗೆಗಳಲ್ಲಿ ಹೆಸರಾದ ಒಂದರ ಲೆಕ್ಕ ನೋಡಿ. ಸಿ.ಐ.ಎಂ. ಮೋಟಾರು ಭಾರವಿಲ್ಲದಾಗ ನಿಮಿಷಕ್ಕೆ 5310 ಸುತ್ತು ತಿರುಗುತ್ತದೆ. ಪೆಟ್ಟಿಗೆ ಅದನ್ನು 10.71 ಪಟ್ಟು ತಗ್ಗಿಸಿದರೆ ಸುಮಾರು 496 ಸುತ್ತು. 6 ಇಂಚಿನ ಗಾಲಿ ಕಟ್ಟಿದರೆ ಯಂತ್ರ ಲೆಕ್ಕದ ಪ್ರಕಾರ ಸೆಕೆಂಡಿಗೆ 13 ಅಡಿ ಓಡುತ್ತದೆ. ಆಸರೆಯಿಲ್ಲದ ಶಾಲೆಯ ಯಂತ್ರವೂ ಕಣದಲ್ಲಿ ಓಡಿತು ಎಂಬುದೇ ಸಿದ್ಧ ಪೆಟ್ಟಿಗೆಯ ದೊಡ್ಡ ಪುಣ್ಯ.

ಆದರೆ ಮುಂದಿನ ಸಾಲಿನ ತಂಡಗಳಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಪೆಟ್ಟಿಗೆಯ ಹಲಗೆಯೊಂದು 6 ಇಂಚು ಉದ್ದ, 4 ಇಂಚು ಅಗಲ, ಕಾಲು ಇಂಚು ದಪ್ಪದ ಅಲ್ಯುಮಿನಿಯಂ ಎಂದುಕೊಂಡರೆ ಅದರ ತೂಕ ಸುಮಾರು 265 ಗ್ರಾಂ. ಎರಡು ಬದಿಯ ಎರಡು ಪೆಟ್ಟಿಗೆಗೆ ನಾಲ್ಕು ಹಲಗೆ. ಪ್ರತಿ ಪೆಟ್ಟಿಗೆಯ ಒಂದು ಹಲಗೆಯ ಕೆಲಸವನ್ನು ಚೌಕಟ್ಟೇ ಮಾಡಿದರೆ ಅರ್ಧ ಕಿಲೋ ಉಳಿಯಿತು. 54 ಕಿಲೋದಲ್ಲಿ ಅರ್ಧ ಕಿಲೋ ಏನು ಮಹಾ ಎನ್ನಬಹುದು. ಕೊನೆಯ ರಾತ್ರಿ ತೂಕದ ಕಟ್ಟೆಯ ಮೇಲೆ ಯಂತ್ರ ನಿಲ್ಲಿಸಿ, ಹೆಚ್ಚಾದ ತೂಕ ಕಳೆಯಲು ಎಲ್ಲೆಲ್ಲೂ ತೂತು ಕೊರೆಯುವವರಿಗೆ ಅದರ ಬೆಲೆ ಗೊತ್ತು.

ತೂಕಕ್ಕಿಂತ ಮುಖ್ಯವಾದದ್ದು ಅಂತರ. ಕ್ಯಾಲಿಫೋರ್ನಿಯಾ ಕಡೆಯ ತಂಡಗಳು ಬೆಳೆಸಿದ, ಅದಕ್ಕೇ "ವೆಸ್ಟ್ ಕೋಸ್ಟ್ ಡ್ರೈವ್" ಎಂದು ಹೆಸರಾದ ರೀತಿಯಲ್ಲಿ ಇದಕ್ಕೆ ಸೊಗಸಾದ ಉತ್ತರವಿದೆ. 2 ಇಂಚು ಎತ್ತರ, 1 ಇಂಚು ಅಗಲದ ಆಯತಾಕಾರದ ಅಲ್ಯುಮಿನಿಯಂ ಕೊಳವೆಯೇ ಅಲ್ಲಿ ಪಕ್ಕದ ತೊಲೆ. ಗಾಲಿಯ ಅಚ್ಚು ಕೊಳವೆಯ ಎರಡು ಗೋಡೆಗಳನ್ನೂ ದಾಟಿ ಹೋಗುತ್ತದೆ, ಎರಡೂ ಕಡೆ ಬೇರಿಂಗು. ಗಾಲಿ ತೊಲೆಯ ಹೊರಗೆ ತೂಗುತ್ತದೆ, ಗೇರು ಒಳಗೆ. ಗೇರುಗಳ ಹಲಗೆ ನೇರ ಆ ತೊಲೆಗೇ ಬೋಲ್ಟಾಗಿರುತ್ತದೆ. ನಡುಗಾಲಿ ಗೇರಿನ ಕೊನೆಯ ಅಚ್ಚಿನ ಮೇಲೇ ಕೂತಿರುವುದರಿಂದ, ಮುಂದಿನ ಹಿಂದಿನ ಗಾಲಿಗಳಿಗೆ ಹೋಗುವ ಸರಪಳಿ ಹರಿದರೂ ಯಂತ್ರ ನಿಲ್ಲುವುದಿಲ್ಲ. ಇನ್ನು ಕೆಲವು ತಂಡಗಳು ತಗಡನ್ನು ಯಂತ್ರದಿಂದ ಕತ್ತರಿಸಿ, ಮಡಚಿ, ಚೌಕಟ್ಟಿನ ಎರಡು ಗೋಡೆಗಳನ್ನೇ ಗೇರಿನ ಎರಡು ಹಲಗೆಗಳನ್ನಾಗಿ ಮಾಡಿಕೊಂಡವು. ಹಳೆಯ ಗಡಿಯಾರದ ಉಪಾಯವೇ ಮತ್ತೆ ಬಂತಲ್ಲವೇ?

2020ರ ಈಚೆಗೆ ಇನ್ನೊಂದು ಹೆಜ್ಜೆ. ಪ್ರತಿ ಗಾಲಿಯೂ ತಾನೇ ಉರುಳಿ, ತಾನೇ ದಿಕ್ಕು ತಿರುಗಿಸಿಕೊಳ್ಳುವ "ಸ್ವರ್ವ್" ಎಂಬ ಜೋಡಣೆ ಮುಂದಿನ ಸಾಲಿನ ತಂಡಗಳಲ್ಲೆಲ್ಲ ಹಬ್ಬಿದೆ. ಮೋಟಾರು, ಗೇರು, ಗಾಲಿ ಎಲ್ಲ ಕೂಡಿದ ಆ ಘಟಕ ಚೌಕಟ್ಟಿನ ಮೂಲೆಯಲ್ಲಿ ಕೂರುತ್ತದೆ. ಎರಡು ತೊಲೆಗಳು ಕೂಡುವ ಮೂಲೆಯನ್ನು ಬಿಗಿಯಾಗಿ ಹಿಡಿಯುವುದೂ ಅದರ ಹಲಗೆಯೇ. ಇಷ್ಟಾಗಿಯೂ ಕೆಲವು ಬೋಲ್ಟು ಬಿಚ್ಚಿದರೆ ಇಡೀ ಘಟಕ ಹೊರಬರುತ್ತದೆ, ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬಹುದು. ಪೆಟ್ಟಿಗೆ ಚೌಕಟ್ಟೂ ಆಯಿತು, ಬಿಚ್ಚುವ ಪೆಟ್ಟಿಗೆಯಾಗಿಯೂ ಉಳಿಯಿತು.

ಇಷ್ಟು ಬುದ್ಧಿ ಬರಲು ಕಾರಣ ಎರಡು ಪಂದ್ಯಗಳ ನಡುವಿನ ಬಿಡುವು. ಕೆಲವೊಮ್ಮೆ ಅದು ಒಂದು ಚಹಾ ಕುಡಿಯುವಷ್ಟೂ ಇರುವುದಿಲ್ಲ. ಡಿಕ್ಕಿಯಲ್ಲಿ ತೊಲೆ ಬಾಗಿದರೆ, ತೊಲೆಯೊಳಗೇ ಗೇರು ಕಟ್ಟಿದವರ ಗೇರೂ ಕೆಟ್ಟಂತೆ. ಬೇರೆ ಪೆಟ್ಟಿಗೆ ಇಟ್ಟವರು ನಾಲ್ಕು ಬೋಲ್ಟು ಬಿಚ್ಚಿ ಹೊಸದನ್ನು ಹಾಕಿಕೊಂಡು ಓಡುತ್ತಾರೆ. ಇಂಥ ಹೊತ್ತಿನಲ್ಲಿ ಎದುರಾಳಿ ತಂಡದವರೇ ತಮ್ಮ ಬಿಡಿಭಾಗ ಕೊಟ್ಟು, ಸ್ಪ್ಯಾನರು ಹಿಡಿದು ನೆರವಿಗೆ ಬರುವುದು ಆ ಸ್ಪರ್ಧೆಯ ಸಂಪ್ರದಾಯ. 2019ರಲ್ಲಿ ತೀರಿಕೊಂಡ ಫ್ಲವರ್ಸ್ ಜೀವನವಿಡೀ ಬೋಧಿಸಿದ್ದೂ ಈ ಸೌಜನ್ಯವನ್ನೇ.

ಪುಣೆಯ ಕಣ

ನಮ್ಮ ಕಡೆಯ ಸ್ಪರ್ಧೆಯ ವಂಶ ಬೇರೆ. ಜಪಾನಿನ ಎನ್.ಎಚ್.ಕೆ. ಪ್ರಸಾರ ಸಂಸ್ಥೆ 1988ರಲ್ಲಿ ಆರಂಭಿಸಿದ ರೋಬೋಕಾನ್, 2002ರಲ್ಲಿ ಏಷ್ಯಾ ಮತ್ತು ಪೆಸಿಫಿಕ್ ದೇಶಗಳ ಸ್ಪರ್ಧೆಯಾಗಿ ಬೆಳೆಯಿತು. 2008ರಲ್ಲಿ ಅದು ನಮ್ಮ ಪುಣೆಯ ಬಾಲೇವಾಡಿಯಲ್ಲೇ ನಡೆಯಿತು. ಆ ವರ್ಷದ ಆಟದ ವಸ್ತು ಕೃಷ್ಣನ ಬೆಣ್ಣೆಗಡಿಗೆ! ಗೋಕುಲಾಷ್ಟಮಿಯಲ್ಲಿ ಗೋವಿಂದರು ಒಬ್ಬರ ಹೆಗಲ ಮೇಲೊಬ್ಬರು ಏರುವುದನ್ನು ಕಂಡ ಊರಿನಲ್ಲಿ, ಯಂತ್ರಗಳು ಬೆಣ್ಣೆಗೆ ಕೈಚಾಚಿದವು. 2014ರಲ್ಲಿ ಸ್ಪರ್ಧೆ ಮತ್ತೊಮ್ಮೆ ಪುಣೆಗೆ ಬಂತು. ಆಟಗಳ ನಿಯಮ ಬೇರೆಯಾದರೂ, ಗೇರಿನ ನಿಯಮಕ್ಕೆ ಅಮೆರಿಕವೂ ಒಂದೇ, ಬಾಲೇವಾಡಿಯೂ ಒಂದೇ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ರಾತ್ರಿ ಹನ್ನೊಂದು. "ಹಂಗಾದ್ರ ಯಾರದು ಖರೆ ಮಾಮಾ?" ಎಂದಳು. "ಇಬ್ಬರದೂ ಖರೆ. ಗೇರಿನ ಅಂತರ ಚೌಕಟ್ಟಿನ ಕೈಗೆ ಕೊಡ್ರಿ. ಆದ್ರ ಬಿಚ್ಚೂದು ಹ್ಯಾಂಗ ಅಂತ ಮೊದಲ ಬರ್ಕೊಳ್ರಿ, ಕೂಡಿಸೂದು ಆಮ್ಯಾಲೆ" ಎಂದೆ.

ಮರುವಾರ ತಂಡದ ಆರು ಮಂದಿ ನನ್ನ ಹಳೆಯ ಗೆಳೆಯರೊಬ್ಬರ ಸಣ್ಣ ವರ್ಕ್‌ಶಾಪಿಗೆ ಬಂದರು. ಮುಖ ನೋಡದ ಎರಡೂ ಪಕ್ಷದವರು. ಪ್ರತಿ ಬದಿಗೂ ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಬಿಗಿದು, ಬೇರಿಂಗಿನ ತೂತುಗಳನ್ನು ಒಟ್ಟಿಗೇ ಕೊರೆದೆವು. ಆ ಹಲಗೆಗಳೇ ಯಂತ್ರದ ಪಕ್ಕದ ಗೋಡೆಗಳಾದವು. ಒಳಗಿನ ಹಲಗೆ ಭಾರ ಹೊರುವಂತೆ ಕೂತಿತು, ಹೊರಗಿನ ಹಲಗೆ ಆರು ಬೋಲ್ಟು ಬಿಚ್ಚಿದರೆ ಕೈಗೆ ಬರುವಂತಿತ್ತು. ಸಿದ್ಧ ಪೆಟ್ಟಿಗೆ ಬೇಕೆಂದಿದ್ದ ಹುಡುಗನೇ ಗಡಿಯಾರ ಹಿಡಿದು, ಬಿಚ್ಚಿ ಜೋಡಿಸುವುದನ್ನು ಮತ್ತೆ ಮತ್ತೆ ಮಾಡಿಸಿದ.

ಸ್ಪರ್ಧೆಯ ದಿನ ಗೇರು ಜಾರಲಿಲ್ಲ. ಎರಡನೆಯ ಸುತ್ತಿನಲ್ಲಿ ಒಂದು ಅಚ್ಚು ಬಾಗಿತು. ಹನ್ನೊಂದು ನಿಮಿಷದಲ್ಲಿ ಹೊರ ಹಲಗೆ ತೆಗೆದು, ಹೊಸ ಅಚ್ಚು ಹಾಕಿ ಕಣಕ್ಕೆ ಮರಳಿದರು. ಅದರ ಮುಂದಿನ ಸುತ್ತಿನಲ್ಲಿ ತಮಗಿಂತ ಬಲ್ಲ ತಂಡದ ಕೈಯಲ್ಲಿ ಸೋತರು. ಅದಕ್ಕೆ ಅವರಲ್ಲಿ ಯಾರಿಗೂ ಬೇಸರವಿರಲಿಲ್ಲ. ನಿಂತಲ್ಲೇ ನಿಂತು ಸೋತಿದ್ದವರಿಗೆ ಓಡಿ ಸೋತದ್ದು ಬೇರೆಯೇ ಅನುಭವ.

ಆ ಮೊದಲಿನ ಎರಡು ಗೇರುಗಳು ಈಗಲೂ ನನ್ನ ಮೇಜಿನ ಮೇಲಿವೆ. ಅವನ್ನು ನೋಡಿದಾಗಲೆಲ್ಲ ಒಂದು ಮಾತು ಹೊಳೆಯುತ್ತದೆ. ನಮ್ಮ ಸಂಘದಲ್ಲಿ ಲೇತಿನ ಮುಂದೆ, ಎರಕದ ಮನೆಯಲ್ಲಿ, ರೇಲ್ವೆ ವರ್ಕ್‌ಶಾಪಿನಲ್ಲಿ ಆಯುಷ್ಯ ಕಳೆದ ಹಿರಿಯರು ಹಲವರಿದ್ದಾರೆ. ಯಂತ್ರ ಕಟ್ಟುವ ಮಕ್ಕಳೂ ಮನೆಮನೆಯಲ್ಲಿದ್ದಾರೆ. ಇವರಿಬ್ಬರ ನಡುವಿನ ಅಂತರ ಹೆಚ್ಚಾದರೂ ಹಲ್ಲು ಜಾರುತ್ತದೆ. ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯ ಬಾಗಿಲು ತೆರೆದಿಟ್ಟು, ಒಂದು ಮೇಜು, ಒಂದು ವರ್ನಿಯರು, ನಾಲ್ಕು ಸ್ಪ್ಯಾನರು ಇಟ್ಟರೆ ಸಾಕು. ಬರುವ ಹಿರಿಯರಲ್ಲಿ ಮೊದಲ ಹೆಸರು ನನ್ನದು ಬರೆದುಕೊಳ್ಳಿ.